ಮಧ್ಯಾಹ್ನ ಮೂರಕ್ಕೆ ಕೆರೆಯ ಸದ್ದು ಎಲ್ಲಿ ಹೋಯ್ತು?

ನಮ್ಮ ತೋಟದ ಕೆರೆ ದೊಡ್ಡದೇನಲ್ಲ. ಉದ್ದ ನೂರು ಮೀಟರ್ ಇರಬಹುದು, ನಡುವೆ ಆಳ ನಾಲ್ಕು ಮೀಟರ್. ಫೆಬ್ರವರಿಯಲ್ಲಿ ರೋಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ನೀರು ಬೇಕಲ್ಲ, ಅದಕ್ಕೆ ಅಪ್ಪ ತೋಡಿಸಿದ್ದು. ಕೊಡಗಿನ ಪೊನ್ನಂಪೇಟೆ ಕಡೆ ಬಂದರೆ ಇಂಥ ಕೆರೆ ತೋಟಕ್ಕೊಂದು ಸಿಗುತ್ತದೆ. ಸಮುದ್ರದಲ್ಲಿ ಸದ್ದು ಹೇಗೆ ಸಾಗುತ್ತದೆ ಅಂತ ನನಗೆ ಗೊತ್ತಿರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಕೆರೆಯೇ ಕಲಿಸಿದ್ದು ಎಂದರೆ ನಗಬೇಡಿ.

ಶುರು ಮಾಡಿದ್ದು ಅಣ್ಣನ ಮಗಳು. ಆಗ ಒಂಬತ್ತನೇ ಕ್ಲಾಸು. ಕಣದಲ್ಲಿ ಕಾಫಿ ಹರಡುತ್ತಿದ್ದಾಗ ಬಂದು ಕೇಳಿದಳು: "ಚಿಕ್ಕಪ್ಪ, ತಿಮಿಂಗಿಲ ಕೂಗಿದ್ರೆ ನೂರಾರು ಕಿಲೋಮೀಟರ್ ಆಚೆಗೂ ಕೇಳತ್ತಂತೆ. ನಾನು ಇಲ್ಲಿಂದ ಕೂಗಿದ್ರೆ ಗದ್ದೆ ಆಚೆ ಇರೋ ಅಜ್ಜಿಗೇ ಕೇಳಲ್ಲ. ಅದು ಅಷ್ಟೊಂದು ಜೋರಾ?"

ನಾನು ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು. ಈಗ ತೋಟ ನೋಡಿಕೊಂಡಿದ್ದೇನೆ. ಮೇಷ್ಟ್ರ ಹಳೇ ಚಟ, ಕೂಡಲೇ ಉತ್ತರ ಕೊಟ್ಟುಬಿಟ್ಟೆ: "ಹೌದು, ತುಂಬಾ ಜೋರು. ಮತ್ತೆ ನೀರಿನಲ್ಲಿ ಸದ್ದು ವೇಗವಾಗಿ ಹೋಗತ್ತಲ್ಲ." ಅವಳು ತಲೆಯಾಡಿಸಿ ಹೋದಳು. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ವೇಗವಾಗಿ ಹೋಗುವುದಕ್ಕೂ ದೂರ ಹೋಗುವುದಕ್ಕೂ ಏನು ಸಂಬಂಧ? ವೇಗವಾಗಿ ಓಡಿದ ಮಾತ್ರಕ್ಕೆ ಯಾರೂ ಜಾಸ್ತಿ ದೂರ ಓಡುವುದಿಲ್ಲ. ನಾನು ಹೇಳಿದ್ದು ಉತ್ತರವೇ ಅಲ್ಲ.

ಸರಿ, ಕೆರೆ ಇದೆ, ನೀರಿಗೇ ಕಿವಿ ಇಟ್ಟು ನೋಡೋಣ ಅಂದುಕೊಂಡೆ.

ನೀರಿನಲ್ಲಿ ಕೇಳಲು ಹೈಡ್ರೋಫೋನ್ ಬೇಕು. ಅಂಗಡಿಯದು ತರಿಸಿದರೆ ಒಂದು ಮೂಟೆ ಮೆಣಸಿನ ದುಡ್ಡು ಹೋಗುತ್ತದೆ. ಮನೆಯಲ್ಲೇ ಮಾಡಿದೆ. ಆಟಿಕೆ, ಅಲಾರಂಗಳಲ್ಲಿ ಕುಂಯ್ ಅನ್ನುವ ಹಿತ್ತಾಳೆಯ ತೆಳು ಬಿಲ್ಲೆ ಇರುತ್ತದಲ್ಲ, ಪೀಜೋ ಡಿಸ್ಕ್, ಅದೇ ಇದರ ಕಿವಿ. ಕರೆಂಟು ಕೊಟ್ಟರೆ ಅದು ಅದುರುತ್ತದೆ. ಅದುರಿಸಿದರೆ ಕರೆಂಟು ಕೊಡುತ್ತದೆ. 27 ಮಿಲಿಮೀಟರ್‌ನದು ನಾಲ್ಕು ತರಿಸಿದೆ. ಒಂದಕ್ಕೆ ಮೈಕಿನ ಶೀಲ್ಡ್ ಕೇಬಲ್ ಬೆಸೆದು, ಸುತ್ತ ಎಪಾಕ್ಸಿ ಅಂಟು ಮೆತ್ತಿ, ಒಣಗಿಸಿ ನೀರಿಗೆ ಬಿಟ್ಟೆ. ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಗರ್ ಗರ್ ಅಂದು ಸುಮ್ಮನಾಯಿತು. ಎತ್ತಿ ನೋಡಿದರೆ ಕೇಬಲಿನ ಸಿಪ್ಪೆ ಮತ್ತು ಅಂಟಿನ ನಡುವೆ ಕೂದಲಿನಷ್ಟು ಸಂದು. ನೀರಿಗೆ ಅಷ್ಟು ಸಾಕು.

ಎರಡನೇ ಸಲ ಬುದ್ಧಿ ಬಂತು. ಡಿಸ್ಕನ್ನು ಸೈಕಲ್ ಟ್ಯೂಬಿನ ತುಂಡಿನೊಳಗೆ ಇಟ್ಟು, ಒಳಗೆ ಹರಳೆಣ್ಣೆ ತುಂಬಿ, ಎರಡೂ ತುದಿ ಬಿಗಿಯಾಗಿ ಕಟ್ಟಿದೆ. ಹರಳೆಣ್ಣೆ ನನ್ನ ಕಂಡುಹಿಡಿತವಲ್ಲ. ನೀರಿನೊಳಗೆ ಇರುವುದನ್ನು ಸದ್ದಿನಿಂದ ಪತ್ತೆಹಚ್ಚುವ ನಿಜವಾದ ಸೋನಾರ್ ಉಪಕರಣಗಳಲ್ಲೂ ಅದನ್ನೇ ತುಂಬುತ್ತಾರೆ. ಸದ್ದಿನ ಮಟ್ಟಿಗೆ ಹರಳೆಣ್ಣೆ ಹೆಚ್ಚುಕಡಿಮೆ ನೀರಿನ ಹಾಗೆಯೇ ನಡೆದುಕೊಳ್ಳುತ್ತದೆ, ಆದರೆ ಕರೆಂಟನ್ನು ಸೋರಿಸುವುದಿಲ್ಲ. ಗೋಣಿಕೊಪ್ಪದ ಆಯುರ್ವೇದ ಅಂಗಡಿಯಲ್ಲಿ ಮೂರು ಬಾಟಲಿ ಒಟ್ಟಿಗೆ ಕೇಳಿದಾಗ ಅಂಗಡಿಯವರು ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ.

ಇನ್ನೊಂದು ಪಾಠ: ಪೀಜೋ ಡಿಸ್ಕ್ ಕೊಡುವ ಕರೆಂಟು ತೀರಾ ಬಡಕಲು. ಮೂವತ್ತು ಮೀಟರ್ ಕೇಬಲ್ ಹಾಕಿದರೆ ದಾರಿಯಲ್ಲೇ ಸತ್ತುಹೋಗುತ್ತದೆ. ಅದಕ್ಕೆ ಡಿಸ್ಕಿನ ಪಕ್ಕದಲ್ಲೇ ಒಂದು ಎಫ್‌ಇಟಿ ಟ್ರಾನ್ಸಿಸ್ಟರಿನ ಪುಟ್ಟ ಪ್ರಿಆಂಪ್ಲಿಫೈಯರ್, ಅಂದರೆ ಬಡಕಲು ಕರೆಂಟನ್ನು ಬಲಪಡಿಸುವ ಸರ್ಕ್ಯೂಟ್, ಹಾಕಬೇಕು. 9 ವೋಲ್ಟ್ ಬ್ಯಾಟರಿ ದಡದಲ್ಲಿ.

ಮೊದಲ ದಿನ ಹೆಡ್‌ಫೋನ್ ಹಾಕಿಕೊಂಡರೆ ಕೇಳಿದ್ದು ಒಂದೇ ಸದ್ದು. ಹೂಂ... ಅಂತ ಬಿಡದ ಗುನುಗು. ತೋಟದ ಲೆಕ್ಕ ನೋಡುವ ರೈಟರು ಪಕ್ಕದಲ್ಲಿ ನಿಂತು, "ಎಂತ ಸಾರ್, ಮೀನು ಮಾತಾಡ್ತದಾ?" ಅಂದರು. ಮೀನಲ್ಲ, ಕರೆಂಟು. ಪಂಪ್‌ಹೌಸಿನ ತಂತಿಯ 50 ಹರ್ಟ್ಜ್, ಅಂದರೆ ಸೆಕೆಂಡಿಗೆ ಐವತ್ತು ಸಲದ ಕಂಪನ, ನನ್ನ ಕೇಬಲಿನೊಳಗೆ ನುಗ್ಗಿತ್ತು. ಮೀಟರ್ ಬೋರ್ಡಿನ ಫ್ಯೂಸ್ ತೆಗೆಸಿದ ಮೇಲೇ ಕೆರೆ ಕೇಳಲು ಶುರುವಾಯಿತು.

ಈ ಕಾಟ ನನಗೆ ಮಾತ್ರ ಅಲ್ಲ ಅಂತ ಆಮೇಲೆ ಓದಿ ಸಮಾಧಾನವಾಯಿತು. 1991ರ ಜನವರಿಯಲ್ಲಿ ವಾಲ್ಟರ್ ಮಂಕ್ ಎಂಬ ಸಮುದ್ರ ವಿಜ್ಞಾನಿಯ ತಂಡ ಹಿಂದೂ ಮಹಾಸಾಗರದ ತೀರಾ ದಕ್ಷಿಣದ ಹರ್ಡ್ ದ್ವೀಪದ ಬಳಿ ಹಡಗಿನಿಂದ ಸ್ಪೀಕರ್ ಇಳಿಸಿ ಸದ್ದು ಮಾಡಿತು. ಪ್ರಪಂಚದ ಸಾಗರಗಳಲ್ಲೆಲ್ಲ ಕೇಳುತ್ತದಾ ನೋಡೋಣ ಅಂತ. ಅವರು ಆರಿಸಿದ್ದು 57 ಹರ್ಟ್ಜ್. ಯಾಕೆ ಆ ವಿಚಿತ್ರ ಸಂಖ್ಯೆ? ನಮ್ಮಂಥ ದೇಶಗಳ ಕರೆಂಟು 50, ಅಮೆರಿಕದ್ದು 60. ಎರಡಕ್ಕೂ ಸಿಗದ ಹಾಗೆ 57. ನನ್ನ ಫ್ಯೂಸ್ ಉಪಾಯಕ್ಕಿಂತ ಇದು ಜಾಣತನ.

ಫ್ಯೂಸ್ ತೆಗೆದ ಮೇಲೆ ಕೆರೆ ಬೇರೆಯೇ ಲೋಕ. ಬಿಸಿಲು ಬಿದ್ದ ಕಡೆ ನೀರು ಗಿಡಗಳಿಂದ ಗುಳ್ಳೆ ಏಳುತ್ತದೆ, ಟಿಕ್ ಟಿಕ್ ಟಿಕ್. ಯಾವುದೋ ಹುಳ ಬಾಚಣಿಗೆ ಉಜ್ಜಿದ ಹಾಗೆ ಕಿರ್ರ್ ಅನ್ನುತ್ತದೆ. ಒಂದು ಸಲ ತುಂತುರು ಮಳೆ ಬಂತು. ಅಣ್ಣನ ಮಗಳು ಹೆಡ್‌ಫೋನ್ ಕಿತ್ತುಕೊಂಡವಳು, "ಚಿಕ್ಕಪ್ಪ, ಎಣ್ಣೆಗೆ ಸಾಸಿವೆ ಹಾಕಿದ ಹಾಗಿದೆ!" ಅಂದಳು. ನನಗೆ ಅಷ್ಟೇನೂ ಕೇಳಲಿಲ್ಲ. ಸಣ್ಣ ಹನಿ ನೀರಿಗೆ ಬಿದ್ದಾಗ ಒಳಗೆ ಪುಟ್ಟ ಗುಳ್ಳೆ ಸಿಕ್ಕಿಕೊಂಡು ಕಂಪಿಸುತ್ತದೆ, ಅದರ ಸದ್ದು 15,000 ಹರ್ಟ್ಜ್ ಸುತ್ತಮುತ್ತ. ಐವತ್ತು ದಾಟಿದ ಕಿವಿಗೆ ಅಷ್ಟು ಮೇಲಿನ ಸ್ವರ ಎಟುಕುವುದಿಲ್ಲ. ಮಳೆಯ ಊರಿನಲ್ಲೇ ಹುಟ್ಟಿ ಬೆಳೆದವನಿಗೆ ಮಳೆಯೇ ಕೇಳಲಿಲ್ಲ.

ಅವಳನ್ನು ಎದುರು ದಡಕ್ಕೆ ಕಳಿಸಿ ಕೂಗಲು ಹೇಳಿದೆ. ಗಂಟಲು ಹರಿಯುವ ಹಾಗೆ ಕೂಗಿದಳು. ಹೆಡ್‌ಫೋನಿನಲ್ಲಿ ಏನೂ ಇಲ್ಲ. ಗಾಳಿಯ ಸದ್ದಿನ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ನೀರಿಗೆ ಇಳಿಯುತ್ತದೆ, ಅದೂ ನೆಟ್ಟಗೆ ಮೇಲಿಂದ ಬಿದ್ದರೆ. ಓರೆಯಾಗಿ ಬಂದರೆ ಕನ್ನಡಿಗೆ ಬಿದ್ದ ಬೆಳಕಿನ ಹಾಗೆ ವಾಪಸ್. ಆಮೇಲೆ ಎರಡು ಕಲ್ಲು ನೀರಿನೊಳಗೆ ಹಿಡಿದು ಕುಟ್ಟಲು ಹೇಳಿದೆ. ಟಕ್! ಕಿವಿಯ ಪಕ್ಕದಲ್ಲೇ ಕುಟ್ಟಿದ ಹಾಗಿತ್ತು.

ಆ ಟಕ್ ಸಾಕಿತ್ತು ವೇಗ ಅಳೆಯಲು. ಎರಡು ಹೈಡ್ರೋಫೋನ್ ಮಾಡಿ, ಒಂದನ್ನು ರೆಕಾರ್ಡರಿನ ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಸಿಕ್ಕಿಸಿ, 30 ಮೀಟರ್ ದೂರದಲ್ಲಿ ಒಂದೇ ಸಾಲಿಗೆ ಇಳಿಬಿಟ್ಟೆ. ತೇಲಲು ಖಾಲಿ ಎಣ್ಣೆ ಕ್ಯಾನು. ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದರೆ ಎರಡು ಟಕ್‌ಗಳ ನಡುವೆ 20.5 ಮಿಲಿಸೆಕೆಂಡ್. ಲೆಕ್ಕ ಹಾಕಿದರೆ ಸೆಕೆಂಡಿಗೆ 1463 ಮೀಟರ್. ನೀರು 22 ಡಿಗ್ರಿ ಇತ್ತು, ಪುಸ್ತಕದ ಪ್ರಕಾರ 1488 ಬರಬೇಕು. ಎರಡು ದಿನ ತಲೆ ಕೆರೆದುಕೊಂಡೆ. ತಪ್ಪು ಸಿಕ್ಕಿದ್ದು ಹಗ್ಗದಲ್ಲಿ. ನೈಲಾನ್ ಹಗ್ಗಕ್ಕೆ ಗುರುತು ಹಾಕಿ ಅಳೆದಿದ್ದೆ. ಎಳೆದು ಕಟ್ಟಿದಾಗ ಅರ್ಧ ಮೀಟರ್ ಹಿಗ್ಗಿತ್ತು. ಟೇಪ್ ಹಿಡಿದು ಅಳೆದ ಮೇಲೆ ಲೆಕ್ಕ ಕೂಡಿಬಂತು. 1826ರಲ್ಲಿ ಡೇನಿಯಲ್ ಕೊಲಾಡಾನ್ ಎಂಬಾತ ಜಿನೀವಾ ಸರೋವರದಲ್ಲಿ ಇದನ್ನೇ ಮಾಡಿದ್ದ. ಒಂದು ದೋಣಿಯಿಂದ ನೀರಿನೊಳಗೆ ಗಂಟೆ ಹೊಡೆಯುವುದು, ಅದೇ ಕ್ಷಣಕ್ಕೆ ಮದ್ದು ಹೊತ್ತಿಸಿ ಬೆಳಕು ತೋರಿಸುವುದು, 13 ಕಿಲೋಮೀಟರಿಗಿಂತ ದೂರದ ಇನ್ನೊಂದು ದೋಣಿಯಲ್ಲಿ ತಗಡಿನ ತುತ್ತೂರಿ ನೀರಿಗಿಳಿಸಿ ಕಿವಿ ಕೊಟ್ಟು ಕೂರುವುದು. 8 ಡಿಗ್ರಿ ತಣ್ಣೀರಿನಲ್ಲಿ 1435 ಬಂತು. ಕಂಪ್ಯೂಟರೂ ಇಲ್ಲ, ನೈಲಾನ್ ಹಗ್ಗವೂ ಇಲ್ಲ. ಬಹುಶಃ ಅದಕ್ಕೇ ಸರಿ ಬಂತೇನೋ.

ಇಷ್ಟೆಲ್ಲ ಆದರೂ ಅವಳ ಪ್ರಶ್ನೆ ಹಾಗೇ ಇತ್ತು. ಉತ್ತರದ ತುದಿ ಸಿಕ್ಕಿದ್ದು ಡಿಸೆಂಬರಿನ ಒಂದು ಭಾನುವಾರ, ನಾನು ಹುಡುಕದೇ ಇದ್ದಾಗ.

ಅವತ್ತು ಬೆಳಿಗ್ಗೆ ಏಳಕ್ಕೆ ಕೆರೆಯ ಒಂದು ತುದಿಯಲ್ಲಿ ಹಾರೆಯನ್ನು ಅರ್ಧ ನೀರಿಗಿಳಿಸಿ ಕಟ್ಟಿ, ಒಂದೇ ಎತ್ತರದಿಂದ ಸುತ್ತಿಗೆ ಬೀಳುವ ಹಾಗೆ ಮಾಡಿದ್ದೆ. ಇನ್ನೊಂದು ತುದಿಯಲ್ಲಿ, 90 ಮೀಟರ್ ದೂರ, ಅರ್ಧ ಮೀಟರ್ ಆಳದಲ್ಲಿ ಹೈಡ್ರೋಫೋನ್. ಟಣ್ ಟಣ್ ಅಂತ ಚೆಂದ ಕೇಳಿತು. ಊಟ ಮುಗಿಸಿ ಮೂರು ಗಂಟೆಗೆ ಬಂದು ಮತ್ತೆ ಹೊಡೆದರೆ ಸದ್ದು ಮೂರನೇ ಒಂದಕ್ಕೆ ಇಳಿದಿದೆ. ಬ್ಯಾಟರಿ ಬದಲಿಸಿದೆ. ಬೆಸುಗೆ ನೋಡಿದೆ. ಹರಳೆಣ್ಣೆ ಸೋರಿದೆಯಾ ಅಂತ ಟ್ಯೂಬ್ ಹಿಚುಕಿದೆ. ಎಲ್ಲ ಸರಿ ಇದೆ. ಬೇಸರದಲ್ಲಿ ಹೈಡ್ರೋಫೋನ್ ಕೈಬಿಟ್ಟೆ, ಅದು ಮೂರು ಮೀಟರ್ ಕೆಳಗೆ ಹೋಗಿ ನಿಂತಿತು. ಆ ಕಡೆ ಅಣ್ಣನ ಮಗಳು ಇನ್ನೂ ಹೊಡೆಯುತ್ತಲೇ ಇದ್ದಳು.

ಟಣ್.

ಬೆಳಗಿನಷ್ಟಲ್ಲ, ಆದರೆ ಸ್ಪಷ್ಟ. ಮೇಲೆತ್ತಿದರೆ ಮಂಕು, ಕೆಳಗಿಳಿಸಿದರೆ ಟಣ್. ನಾಲ್ಕೈದು ಸಲ ಮಾಡಿ ನೋಡಿದೆ. ಸದ್ದು ಸತ್ತಿರಲಿಲ್ಲ, ಕೆಳಗಿನ ದಾರಿ ಹಿಡಿದಿತ್ತು.

ಮೀನಿನ ತೊಟ್ಟಿಗೆ ಹಾಕುವ ಡಿಜಿಟಲ್ ಥರ್ಮಾಮೀಟರಿನ ತಂತಿ ಉದ್ದ ಮಾಡಿ ಇಳಿಸಿದೆ. ಮೇಲೆ 25 ಡಿಗ್ರಿ, ತಳದಲ್ಲಿ 21. ಮಾರನೇ ದಿನ ಬೆಳಿಗ್ಗೆ ನೋಡಿದರೆ ಮೇಲೂ ಕೆಳಗೂ 21. ರಾತ್ರಿಯ ಚಳಿ ನೀರನ್ನು ಕಲಸಿ ಒಂದೇ ಸಮ ಮಾಡಿಬಿಡುತ್ತದೆ, ಮಧ್ಯಾಹ್ನದ ಬಿಸಿಲು ಮೇಲಿನ ಪದರವನ್ನು ಮಾತ್ರ ಕಾಯಿಸುತ್ತದೆ. ಬಿಸಿ ನೀರಿನಲ್ಲಿ ಸದ್ದಿಗೆ ವೇಗ ಜಾಸ್ತಿ, ತಣ್ಣೀರಿನಲ್ಲಿ ಕಮ್ಮಿ. ಗದ್ದೆಯಲ್ಲಿ ಟಿಲ್ಲರ್ ಓಡಿಸಿದವರಿಗೆ ಮುಂದಿನದು ಹೇಳಬೇಕಿಲ್ಲ. ಒಂದು ಚಕ್ರ ಕೆಸರಿಗೆ ಸಿಕ್ಕರೆ ಟಿಲ್ಲರ್ ಆ ಕಡೆಗೇ ಎಳೆಯುತ್ತದೆ, ಅಲ್ವಾ? ಸದ್ದೂ ಹಾಗೇ. ಯಾವ ಕಡೆ ನಿಧಾನವೋ ಆ ಕಡೆಗೆ ಬಾಗುತ್ತದೆ. ಮಧ್ಯಾಹ್ನ ನನ್ನ ಟಣ್ ತಣ್ಣಗಿನ ತಳದ ಕಡೆ ಬಾಗಿ, ಬಹುಪಾಲು ಕೆಸರಿಗೆ ಬಡಿದು ಹೋಗುತ್ತಿತ್ತು.

1930ರ ದಶಕದಲ್ಲಿ ಅಮೆರಿಕದ ನೌಕಾಪಡೆಗೂ ಇದೇ ತಲೆನೋವು. ಬೆಳಿಗ್ಗೆ ಚೆನ್ನಾಗಿ ಕೆಲಸ ಮಾಡುವ ಸೋನಾರ್ ಮಧ್ಯಾಹ್ನ ಕೈಕೊಡುತ್ತಿತ್ತು. ಅಲ್ಲಿನ ವುಡ್ಸ್ ಹೋಲ್ ಸಮುದ್ರ ಸಂಶೋಧನಾ ಸಂಸ್ಥೆಯ ಕೊಲಂಬಸ್ ಐಸ್ಲಿನ್ ಕಾರಣ ತೋರಿಸಿದರು: ಬಿಸಿಲು ಮೇಲ್ಪದರವನ್ನು ಕಾಯಿಸಿ ಸದ್ದನ್ನು ಕೆಳಗೆ ಬಾಗಿಸುತ್ತದೆ. ಅವರು ಇದನ್ನು 'ಮಧ್ಯಾಹ್ನದ ಪರಿಣಾಮ' ಅಂತಲೇ ಕರೆದರು. ನನ್ನ ಕೆರೆಗೂ ಅದೇ ಹೆಸರು ಸಾಕು.

ಗೊತ್ತಾದ ಮೇಲೆ ಎಲ್ಲ ಕಡೆ ಕಾಣತೊಡಗಿತು. ನಮ್ಮ ಸುಗ್ಗಿಹಬ್ಬ ಪುತ್ತರಿಯ ರಾತ್ರಿ ಕದಿರು ತೆಗೆಯುವಾಗ ಗುಂಡು ಹಾರಿಸುತ್ತಾರಲ್ಲ, ಕಣಿವೆಯಾಚೆಯ ಒಂದು ಕುಟುಂಬದ ಮೂಲಮನೆಯಾದ ಐನ್‌ಮನೆಯ ಗುಂಡು ನಮ್ಮ ಅಂಗಳದಲ್ಲೇ ಹಾರಿಸಿದ ಹಾಗೆ ಕೇಳುತ್ತದೆ. 'ಪೊಲಿ ಪೊಲಿ ದೇವಾ' ಎಂಬ ಕೂಗೂ ತೇಲಿ ಬರುತ್ತದೆ. ಏಪ್ರಿಲ್ ಮಧ್ಯಾಹ್ನ ಅದೇ ಕಡೆಯಿಂದ ಕಾಡುಹಂದಿ ಓಡಿಸಲು ಪಟಾಕಿ ಹೊಡೆದರೂ ಪುಸ್ ಅನ್ನುತ್ತದೆ. ಚಳಿಗಾಲದ ರಾತ್ರಿ ತಣ್ಣನೆ ಗಾಳಿ ಗದ್ದೆಯ ಮೇಲೆ ಇಳಿದು ಕೂರುತ್ತದೆ, ಬೆಚ್ಚನೆಯದು ಮೇಲೆ. ಸದ್ದು ಆಕಾಶಕ್ಕೆ ಹೋಗದೆ ನೆಲದ ಕಡೆಗೆ ಬಾಗಿ ಬರುತ್ತದೆ. ಬೇಸಿಗೆ ಹಗಲಿನಲ್ಲಿ ಉಲ್ಟಾ. ಅಜ್ಜಿಗೆ ಅವಳ ಕೂಗು ಕೇಳದಿದ್ದದ್ದು ಮಧ್ಯಾಹ್ನವೇ ಇರಬೇಕು.

ಹಾಗಾದರೆ ಸಮುದ್ರದಲ್ಲಿ ಏನಾಗುತ್ತದೆ? ನನ್ನ ಮೊದಲ ಯೋಚನೆ: ಅಲ್ಲೂ ಕೆಳಗೆ ಹೋದಂತೆ ತಣ್ಣಗೆ, ಹಾಗಾಗಿ ಸದ್ದೆಲ್ಲ ಕೆಳಗೆ ಬಾಗಿ ತಳಕ್ಕೆ ಬಡಿದು ಹೋಗಬೇಕು. ಹೋಗುವುದಿಲ್ಲ. ಕೆರೆಯಲ್ಲಿ ಇಲ್ಲದ ಒಂದು ಸಂಗತಿ ಅಲ್ಲಿದೆ, ನೀರಿನ ಭಾರ. ಪ್ರತಿ ಸಾವಿರ ಮೀಟರ್ ಕೆಳಗಿಳಿದಾಗ ಒತ್ತಡದಿಂದಲೇ ವೇಗ ಸೆಕೆಂಡಿಗೆ 16-17 ಮೀಟರ್ ಹೆಚ್ಚುತ್ತದೆ. ಮೇಲಿನಿಂದ ಚಳಿ ವೇಗವನ್ನು ಇಳಿಸುತ್ತಾ ಬರುತ್ತದೆ. ಒಂದು ಆಳದ ನಂತರ ನೀರು ಇನ್ನು ತಣ್ಣಗಾಗುವುದು ಕಮ್ಮಿ, ಒತ್ತಡ ಮಾತ್ರ ಏರುತ್ತಲೇ ಇರುತ್ತದೆ. ಎರಡರ ನಡುವೆ ಎಲ್ಲೋ ಒಂದು ಕಡೆ ಸದ್ದಿಗೆ ಎಲ್ಲಕ್ಕಿಂತ ನಿಧಾನದ ಪದರ. ಮೇಲಕ್ಕೆ ಹೊರಟ ಸದ್ದು ಕೆಳಗೆ ಬಾಗುತ್ತದೆ, ಕೆಳಕ್ಕೆ ಹೊರಟದ್ದು ಮೇಲೆ ಬಾಗುತ್ತದೆ. ಮೇಲ್ಮೈಯನ್ನೂ ಮುಟ್ಟದೆ ತಳವನ್ನೂ ಮುಟ್ಟದೆ ಹಾವಿನ ಹಾಗೆ ಹರಿದುಕೊಂಡು ಹೋಗುತ್ತದೆ. ಇದಕ್ಕೆ ಸೋಫಾರ್ ಕಾಲುವೆ ಅಂತ ಹೆಸರು.

ಓದಿದ್ದು ಸಾಕಾಗಲಿಲ್ಲ, ಲೆಕ್ಕ ಹಾಕಿ ನೋಡಬೇಕು ಅನ್ನಿಸಿತು. ಆಗ ಗೊತ್ತಾಗಿದ್ದು ಆರ್ಗೋ ಫ್ಲೋಟ್‌ಗಳ ಬಗ್ಗೆ. ಸಾಗರದ ತುಂಬಾ ತೇಲಾಡುವ ಉದ್ದ ಕೊಳವೆಗಳು ಇವು. ಹತ್ತು ದಿನಕ್ಕೊಮ್ಮೆ 2000 ಮೀಟರ್ ಆಳದಿಂದ ಮೇಲೆ ಬರುತ್ತಾ ಉಷ್ಣಾಂಶ, ಉಪ್ಪು ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. ನಮ್ಮ ದೇಶದಲ್ಲಿ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಮಾಹಿತಿ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಅರಬ್ಬಿ ಸಮುದ್ರದ ಒಂದು ಫ್ಲೋಟಿನ ಸಂಖ್ಯೆಗಳನ್ನು ಎಕ್ಸೆಲ್‌ಗೆ ಹಾಕಿ, ಮೆಕೆಂಜಿ ಎಂಬವರು 1981ರಲ್ಲಿ ಕೊಟ್ಟ ಒಂಬತ್ತು ಪದಗಳ ಸೂತ್ರ ಹಚ್ಚಿದೆ. ಆಳ, ಉಷ್ಣಾಂಶ, ಉಪ್ಪು ಕೊಟ್ಟರೆ ಅದು ವೇಗ ಕೊಡುತ್ತದೆ.

ಮೇಲ್ಮೈಯಲ್ಲಿ ಸೆಕೆಂಡಿಗೆ ಸುಮಾರು 1542 ಮೀಟರ್. ಸಾವಿರ ಮೀಟರಿನಲ್ಲಿ 1501. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಲುವೆಯ ನಡುಗೆರೆ, ಅಂದರೆ ಆ ಅತಿ ನಿಧಾನದ ಪದರ, ಸಾವಿರ ಮೀಟರ್ ಆಸುಪಾಸು ಅಂತಿರುತ್ತದೆ. ನನ್ನ ಸಂಖ್ಯೆ ಅಲ್ಲಿಗೆ ನಿಲ್ಲಲೇ ಇಲ್ಲ, ಇನ್ನೂ ಇಳಿಯುತ್ತಾ ಹೋಯಿತು. ಸೂತ್ರ ತಪ್ಪಾಗಿ ಬರೆದೆನೇನೋ ಅಂತ ಮೂರು ಸಲ ನೋಡಿದೆ. ತಪ್ಪಿಲ್ಲ. ಕನಿಷ್ಠ ಬಂದದ್ದು 1700 ಮೀಟರ್ ಹತ್ತಿರ, 1496. ಪುಸ್ತಕದ ಸಾವಿರ ಮೀಟರ್ ಅಟ್ಲಾಂಟಿಕ್‌ನಂಥ ಕಡೆಗೆ ಸರಿ. ನಮ್ಮ ಅರಬ್ಬಿ ಸಮುದ್ರಕ್ಕೆ ಕೆಂಪು ಸಮುದ್ರದಿಂದಲೂ ಪರ್ಷಿಯನ್ ಕೊಲ್ಲಿಯಿಂದಲೂ ಬೆಚ್ಚನೆಯ ಉಪ್ಪುನೀರು ಬಂದು ನೂರಾರು ಮೀಟರ್ ಕೆಳಗೆ ಹರಡಿಕೊಳ್ಳುತ್ತದೆ. ಅದು ನಡುವಿನ ನೀರನ್ನು ಬೆಚ್ಚಗಿಡುವುದರಿಂದ ನಿಧಾನದ ಪದರ ಇನ್ನೂ ಕೆಳಗೆ ಸರಿಯುತ್ತದೆ. ಆ ಸಂಜೆ ಆದ ಖುಷಿ ಹೇಳತೀರದು. ಕೊಡಗಿನ ಒಂದು ಮನೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುವ ನಡುವೆ ಕೂತು, ಸಮುದ್ರದ ಒಂದು ಗುಣವನ್ನು ಪುಸ್ತಕ ಹೇಳುವ ಮೊದಲೇ ನಾನು ಕಂಡಿದ್ದೆ. ಗೊತ್ತಿದ್ದವರಿಗೆ ಮೊದಲೇ ಗೊತ್ತಿತ್ತು, ಅದು ಬೇರೆ ಮಾತು.

ಮುಂದಿನ ಕೆಲಸ ಸದ್ದಿನ ದಾರಿ ಬಿಡಿಸುವುದು. 1700 ಮೀಟರಿನಲ್ಲಿ ಒಂದು ಸದ್ದು ಹುಟ್ಟಿತು ಅಂತಿಟ್ಟುಕೊಂಡು, ಬೇರೆ ಬೇರೆ ಕೋನದಲ್ಲಿ ಹೊರಟರೆ ಎಲ್ಲಿ ಹೋಗುತ್ತದೆ ಅಂತ 10 ಮೀಟರ್ ಪದರ ಪದರವಾಗಿ, ವೇಗ ಬದಲಾದಾಗ ಸದ್ದು ಎಷ್ಟು ಬಾಗುತ್ತದೆಂದು ಹೇಳುವ ಸ್ನೆಲ್‌ ನಿಯಮ ಹಾಕುತ್ತಾ ಹೋಗುವುದು. 2000 ಮೀಟರಿನ ಕೆಳಗೆ ಉಷ್ಣಾಂಶ ನಿಧಾನವಾಗಿ ಇಳಿಯುವುದರಿಂದ 4000ದ ತನಕ ಅಂದಾಜು ಹಾಕಿ ಎಳೆದೆ. ಮೊದಲ ಸಲ ಸದ್ದು ಸಮುದ್ರ ಬಿಟ್ಟು ಆಕಾಶಕ್ಕೆ ಹಾರಿತು. ಎಕ್ಸೆಲ್‌ನ ಕೊಸೈನ್‌ಗೆ ಡಿಗ್ರಿ ಕೊಟ್ಟಿದ್ದೆ, ಅದು ಕೇಳುವುದು ರೇಡಿಯನ್. ಇಪ್ಪತ್ತು ವರ್ಷ ಮಕ್ಕಳಿಗೆ ಇದೇ ತಪ್ಪಿಗೆ ಅಂಕ ಕಡಿದವನು ನಾನು. ಅಣ್ಣನ ಮಗಳಿಗೆ ಹೇಳಲಿಲ್ಲ.

ಸರಿ ಮಾಡಿದ ಮೇಲೆ ಗೆರೆಗಳು ಬಿದ್ದವು. ಅಡ್ಡಗೆರೆಯಿಂದ 5 ಡಿಗ್ರಿ ಓರೆಯಲ್ಲಿ ಹೊರಟದ್ದು ಸುಮಾರು 1000 ಮೀಟರಿಗೆ ಏರಿ, ತಿರುಗಿ, 2500ಕ್ಕೆ ಇಳಿದು, ಮತ್ತೆ ಮೇಲೆ. 11 ಡಿಗ್ರಿಯದು ಮೇಲೆ ಸುಮಾರು 150 ಮೀಟರ್ ತನಕ ಬಂದು ಹಿಂದಿರುಗಿತು. ಕೆಳಗೆ 4000ದ ತಳವನ್ನು ಇನ್ನೇನು ಸವರಬೇಕು ಅನ್ನುವಾಗ ಮೇಲೆದ್ದಿತು. 15 ಡಿಗ್ರಿ ಕೊಟ್ಟರೆ ತಳಕ್ಕೆ ಬಡಿಯಿತು. ಅಂದರೆ ಎಲ್ಲ ಸದ್ದೂ ಕಾಲುವೆ ಸೇರುವುದಿಲ್ಲ, ಹೆಚ್ಚುಕಡಿಮೆ ಮಲಗಿದಂತೆ ಹೊರಟದ್ದು ಮಾತ್ರ. ಆದರೆ ಸೇರಿದ್ದಕ್ಕೆ ಎಷ್ಟು ಲಾಭ ನೋಡಿ. ಬಯಲಿನಲ್ಲಿ ಸದ್ದು ಬಲೂನಿನ ಹಾಗೆ ಎಲ್ಲ ಕಡೆ ಉಬ್ಬುತ್ತದೆ, ಹತ್ತು ಪಟ್ಟು ದೂರ ಹೋದರೆ ಶಕ್ತಿ ನೂರನೇ ಒಂದು. ಕಾಲುವೆಯೊಳಗೆ ಅಕ್ಕಿರೊಟ್ಟಿಯ ಹಾಗೆ ಚಪ್ಪಟೆಯಾಗಿ ಹರಡುತ್ತದೆ, ಹತ್ತು ಪಟ್ಟು ದೂರಕ್ಕೆ ಹತ್ತನೇ ಒಂದು ಮಾತ್ರ. ಜೊತೆಗೆ ಸ್ವರ ತಗ್ಗಿದ್ದಷ್ಟೂ ನೀರು ಕಮ್ಮಿ ನುಂಗುತ್ತದೆ. 10,000 ಹರ್ಟ್ಜ್ ಸದ್ದು ಕಿಲೋಮೀಟರಿಗೆ 1 ಡೆಸಿಬೆಲ್‌ನಷ್ಟು ಕಳೆದುಕೊಂಡರೆ, ತಿಮಿಂಗಿಲದ 20 ಹರ್ಟ್ಜ್ ಗುನುಗಿಗೆ ಸಾವಿರ ಕಿಲೋಮೀಟರಿಗೂ ಏನೂ ಆಗುವುದಿಲ್ಲ ಅನ್ನಬಹುದು.

ಎಕ್ಸೆಲ್ ಇನ್ನೊಂದು ತಮಾಷೆ ತೋರಿಸಿತು. ಮೇಲೆ ಕೆಳಗೆ ಜಾಸ್ತಿ ಸುತ್ತಾಡುವ ಸದ್ದು ಮೊದಲು ಬರುತ್ತದೆ, ನಡುಗೆರೆಯಲ್ಲಿ ನೆಟ್ಟಗೆ ಹೋದದ್ದು ಕೊನೆಗೆ. ತೋಟದ ಒಳದಾರಿ ಹತ್ತಿರ, ಮೇನ್ ರೋಡು ಸುತ್ತು. ಆದರೂ ಜೀಪು ಮೇನ್ ರೋಡಿನಲ್ಲೇ ಬೇಗ ಬರುತ್ತದಲ್ಲ, ಹಾಗೆ. ಅದಕ್ಕೇ ದೂರದ ಸ್ಫೋಟ ಕೇಳಿದವರು ಹೇಳುತ್ತಾರೆ: ಸದ್ದು ಮೆಲ್ಲಗೆ ಶುರುವಾಗಿ ಏರುತ್ತಾ ಏರುತ್ತಾ ಹೋಗಿ, ಅತಿ ಜೋರಾದ ಕ್ಷಣದಲ್ಲೇ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ.

ಇದನ್ನೆಲ್ಲ ಮೊದಲು ಊಹಿಸಿ ಕೇಳಿಸಿಕೊಂಡವರು ಅಮೆರಿಕದ ಮಾರಿಸ್ ಯೂಯಿಂಗ್ ಮತ್ತು ಲಾಮಾರ್ ವೋರ್ಜೆಲ್, 1944ರಲ್ಲಿ. ಎರಡು ಕಿಲೋಗಿಂತ ಕಮ್ಮಿ ತೂಕದ ಟಿಎನ್‌ಟಿ ಆಳದಲ್ಲಿ ಸಿಡಿಸಿ 900 ಮೈಲಿ ಆಚೆ ಕೇಳಿದರು. ಸಮುದ್ರಕ್ಕೆ ಬಿದ್ದ ಪೈಲಟ್ ಒಂದು ಪುಟ್ಟ ಬಾಂಬು ಇಳಿಬಿಟ್ಟರೆ ದೂರದ ಕೇಂದ್ರಗಳು ಅವನಿರುವ ಜಾಗ ಹುಡುಕಬಹುದು ಎಂಬುದು ಆಗಿನ ಆಸೆ. ಎರಡು ವರ್ಷದ ನಂತರ ಸೋವಿಯತ್ ಒಕ್ಕೂಟದ ಬ್ರೆಖೋವ್‌ಸ್ಕಿಖ್ ಕೂಡ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡರು. 1960ರ ಮಾರ್ಚಿನಲ್ಲಂತೂ ಆಸ್ಟ್ರೇಲಿಯಾದ ಪರ್ತ್ ಬಳಿ ಸಿಡಿಸಿದ್ದು ಅಟ್ಲಾಂಟಿಕ್‌ನ ಬರ್ಮುಡಾದಲ್ಲಿ ಕೇಳಿತು. ಸುಮಾರು 20,000 ಕಿಲೋಮೀಟರ್, ಭೂಮಿಯ ಅರ್ಧ ಸುತ್ತು, 3 ಗಂಟೆ 43 ನಿಮಿಷದಲ್ಲಿ. ಅಷ್ಟು ಹೊತ್ತಿನಲ್ಲಿ ನಮ್ಮ ಗೋಣಿಕೊಪ್ಪದ ಬಸ್ಸು ಬೆಂಗಳೂರು ಮುಟ್ಟುವುದಿಲ್ಲ.

ಮಂಕ್ ಹರ್ಡ್ ದ್ವೀಪಕ್ಕೆ ಯಾಕೆ ಹೋದರು ಎಂಬುದೂ ಈಗ ಅರ್ಥವಾಯಿತು. ಧ್ರುವದ ಕಡೆ ಹೋದಂತೆ ಮೇಲಿನ ನೀರೂ ತಣ್ಣಗೆ, ಹಾಗಾಗಿ ಕಾಲುವೆಯೇ ಮೇಲಕ್ಕೆ ಬರುತ್ತದೆ. ಸ್ಪೀಕರನ್ನು 175 ಮೀಟರ್ ಇಳಿಸಿದರೆ ಸಾಕಾಯಿತು. ನಮ್ಮ ಸಮುದ್ರದಲ್ಲಾದರೆ 1700 ಇಳಿಸಬೇಕಿತ್ತು. ಅಲ್ಲಿಂದ ಹೊರಟ ಸದ್ದು ಅಮೆರಿಕದ ಎರಡೂ ಕರಾವಳಿಗಳಿಗೆ ತಲುಪಿತು. ಈಗ ಅಣುಪರೀಕ್ಷೆ ನಿಷೇಧ ಒಪ್ಪಂದದ ಸಂಸ್ಥೆ ಇದೇ ಕಾಲುವೆಯಲ್ಲಿ ಹೈಡ್ರೋಫೋನ್ ತೂಗುಬಿಟ್ಟು ಕೂತಿದೆ. ಒಂದು ಕೇಂದ್ರ ನಮಗೆ ಹತ್ತಿರದ, ಹಿಂದೂ ಮಹಾಸಾಗರದ ಡಿಯೆಗೊ ಗಾರ್ಸಿಯಾ ದ್ವೀಪದಲ್ಲಿ. 2004ರ ಡಿಸೆಂಬರ್ 26ರ ಸುಮಾತ್ರಾ ಭೂಕಂಪದ ಸದ್ದು ಅಲ್ಲಿ ದಾಖಲಾಗಿದೆ. ನೆಲ ಎಲ್ಲಿಂದ ಎಲ್ಲಿಯ ತನಕ ಬಿರಿಯುತ್ತಾ ಹೋಯಿತು ಅಂತ ಅದರಿಂದಲೇ ಲೆಕ್ಕ ಹಾಕಿದ್ದಾರೆ. ಅದೇ ಸಂಸ್ಥೆಯ ಹಳೇ ರೆಕಾರ್ಡಿಂಗುಗಳಲ್ಲಿ ಅದುವರೆಗೆ ಯಾರೂ ಗುರುತಿಸದ ನೀಲಿ ತಿಮಿಂಗಿಲಗಳ ಒಂದು ಗುಂಪಿನ ಹಾಡು ಸಿಕ್ಕಿದ್ದು 2021ರಲ್ಲಿ ಪ್ರಕಟವಾಯಿತು. ಬಾಂಬಿಗೆ ಕಾದು ಕೂತವರಿಗೆ ಹಾಡು ಸಿಕ್ಕಿತು.

ಅಣ್ಣನ ಮಗಳಿಗೆ ಇಷ್ಟನ್ನೂ ಹೇಳಿ, ಮೊದಲು ಕೊಟ್ಟ ಉತ್ತರ ತಪ್ಪು ಅಂತ ಒಪ್ಪಿಕೊಂಡೆ. ತಿಮಿಂಗಿಲ ಜೋರಾಗಿ ಕೂಗುವುದು ನಿಜ. ಆದರೆ ದೂರ ಮುಟ್ಟುವುದು ದಾರಿಯಿಂದ. ಅವಳು ಸುಮ್ನೆ ಬಿಡಲಿಲ್ಲ. "ಹಾಗಾದ್ರೆ ಕೆರೆಯಲ್ಲಿ ತಿಮಿಂಗಿಲ ಬಿಟ್ರೆ?"

ಅದಕ್ಕೆ ಉತ್ತರ ಫೆಬ್ರವರಿಯಲ್ಲಿ ಡೀಸೆಲ್ ಪಂಪ್ ಕೊಟ್ಟಿತು. ಸ್ಪ್ರಿಂಕ್ಲರ್ ಶುರುವಾದಾಗ ಪಂಪಿನ ಪಕ್ಕ ಹೈಡ್ರೋಫೋನ್ ಇಟ್ಟರೆ ದಡ್ ದಡ್ ಎಂಬ ತಗ್ಗಿನ ಬಡಿತ ಎದೆಗೇ ಬೀಳುತ್ತದೆ. ಹತ್ತಿಪ್ಪತ್ತು ಮೀಟರ್ ಆಚೆ ಆ ದಡ್ ದಡ್ ಮಾಯ. ವಾಲ್ವಿನ ಚಟಪಟ ಮಾತ್ರ ಕೆರೆಯ ಕೊನೆ ತನಕ ಬರುತ್ತದೆ. ನಾನು ಓದಿದ್ದಕ್ಕೆ ಪೂರ್ತಿ ಉಲ್ಟಾ, ತಗ್ಗಿನ ಸ್ವರವಲ್ಲವೇ ದೂರ ಹೋಗಬೇಕು? ಆದರೆ 20 ಹರ್ಟ್ಜ್‌ನ ಒಂದು ಅಲೆಯ ಉದ್ದವೇ ನೀರಿನಲ್ಲಿ 75 ಮೀಟರ್. ನಾಲ್ಕು ಮೀಟರ್ ನೀರಿನಲ್ಲಿ ಅದಕ್ಕೆ ಮೈ ಚಾಚಲು ಜಾಗವಿಲ್ಲ. ತಳ ಬಂಡೆಯಷ್ಟು ಗಟ್ಟಿ ಇದ್ದರೂ ಅಷ್ಟು ಆಳದಲ್ಲಿ 90 ಹರ್ಟ್ಜ್‌ಗಿಂತ ಕೆಳಗಿನದು ಸಾಗುವುದಿಲ್ಲ; ನಮ್ಮ ಕೆರೆಯದು ಎಲೆ ಕೊಳೆತ ಕೆಸರು, ತುಂಬಾ ಗುಳ್ಳೆ, ಇನ್ನೂ ಕಷ್ಟ. ಕೆರೆಯಲ್ಲಿ ತಿಮಿಂಗಿಲ ಮೂಕ.

"ಸಮುದ್ರಕ್ಕೇ ಹೋಗೋಣ" ಅಂದಳು. ಮಾರ್ಚಿನ ಒಂದು ಶನಿವಾರ ಮಾಕುಟ್ಟ ಘಾಟಿ ಇಳಿದು, ಇರಿಟ್ಟಿ ದಾಟಿ ಕಣ್ಣೂರಿಗೆ ಹೋದೆವು. ಅಲ್ಲಿ ತಿಮಿಂಗಿಲ ಕೇಳುವುದಿಲ್ಲ ಅಂತ ನನಗೆ ಗೊತ್ತಿತ್ತು. ದಡದ ಹತ್ತಿರ ನೀರು ಕೆರೆಗಿಂತ ಸ್ವಲ್ಪ ಆಳ ಅಷ್ಟೆ, ಆಳದ ಕಾಲುವೆ ಇರುವುದು ಎಷ್ಟೋ ದೂರದಲ್ಲಿ. ಆದರೂ ಹೋದೆವು. ಮೀನಿನ ದೋಣಿ ಕಟ್ಟುವ ಕಟ್ಟೆಯಿಂದ ಹೈಡ್ರೋಫೋನ್ ಇಳಿಬಿಟ್ಟೆವು. ದೋಣಿಯವರು ಸುತ್ತ ನಿಂತು ನೋಡಿದರು. ಒಬ್ಬರು ಹೆಡ್‌ಫೋನ್ ಕೇಳಿ ತೆಗೆದುಕೊಂಡರು.

ಕೇಳಿದ್ದು ಚಟ್ ಪಟ್ ಚಟ್ ಪಟ್, ಬಾಣಲೆಯಲ್ಲಿ ಹುರುಳಿ ಹುರಿದ ಹಾಗೆ, ಒಂದು ಕ್ಷಣವೂ ಬಿಡುವಿಲ್ಲದೆ. ಕೊಂಡಿ ಸಿಡಿಸುವ ಸೀಗಡಿಗಳು ಅವು. ಕೊಂಡಿ ಎಷ್ಟು ಜೋರಾಗಿ ಮುಚ್ಚುತ್ತದೆಂದರೆ ನೀರಿನಲ್ಲಿ ಗುಳ್ಳೆ ಹುಟ್ಟಿ ಕುಸಿದು ಪಟ್ ಅನ್ನುತ್ತದೆ. ದೋಣಿಯವರು ಎರಡು ನಿಮಿಷ ಕೇಳಿ, ನಕ್ಕು, ಹೆಡ್‌ಫೋನ್ ವಾಪಸ್ ಕೊಡುವಾಗ ಮಲಯಾಳದಲ್ಲಿ ಏನೋ ಹೇಳಿದರು. ನನಗೆ ಅರ್ಧ ಅರ್ಥವಾಯಿತು. ಇಷ್ಟು ವರ್ಷ ಇದರ ಮೇಲೇ ಮಲಗಿದ್ದೆ, ಒಂದು ದಿನವೂ ಕೇಳಿರಲಿಲ್ಲ ಅಂದ ಹಾಗಿತ್ತು.

ಟ್ಯೂಬಿಗೆ ಇನ್ನೂ ಮೀನಿನ ವಾಸನೆ. ಅತ್ತಿಗೆ ಅದನ್ನು ಮನೆಯೊಳಗೆ ಬಿಡುತ್ತಿಲ್ಲ. ಪಂಪ್‌ಹೌಸಿನ ಮೊಳೆಗೆ ತೂಗುಹಾಕಿದ್ದೇನೆ.